ಎರಡು ಎಕ್ಸೆಲ್ ಶೀಟುಗಳಲ್ಲೂ ಇರುವ ನಮೂದುಗಳನ್ನು ಗುರುತು ಹಾಕುವುದು ಹೇಗೆ? ಕಣ್ಣೆದುರೇ ಇರುವ ಸಂಖ್ಯೆಗೂ ವಿಲುಕಪ್ ಎರರ್ ಕೊಡುತ್ತಿದೆ

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು: 'ಸದಸ್ಯರು' ಶೀಟಿನ ಎ ಕಾಲಂನಲ್ಲಿ ಸದಸ್ಯತ್ವ ಸಂಖ್ಯೆಗಳಿವೆ, ಬೇರೆ ಫೈಲಿನಿಂದ ಬಂದ 'ಪಾವತಿ' ಶೀಟಿನ ಎ ಕಾಲಂನಲ್ಲೂ ಅವೇ ಸಂಖ್ಯೆಗಳಿವೆ. ಎರಡರಲ್ಲೂ ಇರುವವರ ಮುಂದೆ ಗುರುತು ಬೀಳಬೇಕು. ವಿಲುಕಪ್ ಹಾಕಿದರೆ ಅರ್ಧಕ್ಕರ್ಧ ಸಾಲುಗಳಿಗೆ ಎರರ್ ಬರುತ್ತಿದೆ.

ಇಲ್ಲಿ ವಿಲುಕಪ್ ಬೇಕಾಗಿಯೇ ಇಲ್ಲ. ಇನ್ನೊಂದು ಶೀಟಿನಿಂದ ಏನನ್ನಾದರೂ ಎತ್ತಿ ತರಬೇಕಾದಾಗ ಅದು. ನಿಮಗೆ ಬೇಕಿರುವುದು 'ಇದೆಯಾ, ಇಲ್ಲವಾ' ಅಷ್ಟೇ, ಅದಕ್ಕೆ ಮ್ಯಾಚ್ ಸಾಕು. ಮೊದಲು ಎರಡೂ ಫೈಲುಗಳ ನಕಲು ತೆಗೆದಿಟ್ಟು, 'ಪಾವತಿ' ಶೀಟಿನ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ಮೂವ್ ಆರ್ ಕಾಪಿಯಿಂದ ಸದಸ್ಯರ ಫೈಲಿಗೇ ತಂದುಕೊಳ್ಳಿ. ಆಮೇಲೆ 'ಸದಸ್ಯರು' ಶೀಟಿನ ಇ2 ಸೆಲ್‌ನಲ್ಲಿ ಹೀಗೆ ಬರೆಯಿರಿ. (ಓದಲು ಸುಲಭವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫಂಕ್ಷನ್ ಹೆಸರು, ಕಾಲಂ ಅಕ್ಷರಗಳನ್ನು ಶೀಟಿನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು.)

=ಇಫ್(ಈಸ್‌ನಂಬರ್(ಮ್ಯಾಚ್(ಎ2, 'ಪಾವತಿ'!$ಎ$2:$ಎ$5000, 0)), "ಇದೆ", "ಇಲ್ಲ")

ಕೊನೆಗೆ ಇ2 ಸೆಲ್‌ನ ಮೂಲೆಯ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕೆಳಗಿನ ಸಾಲುಗಳೆಲ್ಲ ತುಂಬಿಕೊಳ್ಳುತ್ತವೆ.

ಇದರಲ್ಲಿ ಎಡವುವ ಜಾಗ ಎರಡು. ಡಾಲರ್ ಚಿಹ್ನೆ ಬಿಟ್ಟರೆ, ಫಾರ್ಮುಲಾ ಒಂದೊಂದು ಸಾಲು ಕೆಳಗಿಳಿದಂತೆ ಹುಡುಕುವ ವ್ಯಾಪ್ತಿಯೂ ಜಾರುತ್ತದೆ. 400ನೇ ಸಾಲಿಗೆ ಬರುವಷ್ಟರಲ್ಲಿ ಅದು 'ಪಾವತಿ' ಶೀಟಿನ ಮೊದಲ 398 ನಮೂದುಗಳನ್ನು ನೋಡುವುದೇ ಇಲ್ಲ. ವ್ಯಾಪ್ತಿಯನ್ನು ಆರಿಸಿದ ಕೂಡಲೇ ಎಫ್4 ಒತ್ತಿದರೆ ಡಾಲರ್ ತಾನಾಗಿ ಬರುತ್ತದೆ. ಇನ್ನೊಂದು, ಕೊನೆಯ ಸೊನ್ನೆ. ಅದನ್ನು ಬಿಟ್ಟರೆ ಎಕ್ಸೆಲ್ ನಿಮ್ಮ ಪಟ್ಟಿ ಏರಿಕೆ ಕ್ರಮದಲ್ಲಿದೆ ಎಂದುಕೊಂಡು ಹತ್ತಿರದ ಚಿಕ್ಕ ಸಂಖ್ಯೆಗೇ ತೃಪ್ತಿಪಟ್ಟುಕೊಳ್ಳುತ್ತದೆ. ಆಗ ಇಲ್ಲದವರಿಗೂ 'ಇದೆ' ಎಂದು ಬೀಳುತ್ತದೆ. ಎರರ್ ಬಂದರೆ ಕನಿಷ್ಠ ಕಣ್ಣಿಗೆ ಬೀಳುತ್ತದೆ, ಈ ಸುಳ್ಳು 'ಇದೆ' ಯಾರ ಕಣ್ಣಿಗೂ ಬೀಳುವುದಿಲ್ಲ. ವಿಲುಕಪ್‌ನ ನಾಲ್ಕನೇ ಜಾಗ ಖಾಲಿ ಬಿಟ್ಟಾಗ ಆಗುವುದೂ ಇದೇ.

ಈಗ ನಿಮ್ಮ ಅಸಲಿ ತೊಂದರೆಗೆ ಬರೋಣ. ಒಂದೇ ಎಂದು ಕಾಣುವ ಒಂದು ಜೋಡಿ ಹಿಡಿಯಿರಿ: ಇಲ್ಲಿ ಎ2ರಲ್ಲಿ 10452, ಅಲ್ಲಿ ಎ17ರಲ್ಲಿ 10452. ಖಾಲಿ ಸೆಲ್‌ನಲ್ಲಿ =ಎ2='ಪಾವತಿ'!ಎ17 ಎಂದು ಹಾಕಿ. ಫಾಲ್ಸ್ ಬಂದರೆ ಎರಡಕ್ಕೂ ಈಸ್‌ಟೆಕ್ಸ್ಟ್ ಹಾಕಿ ನೋಡಿ. ಒಂದು ಟ್ರೂ, ಇನ್ನೊಂದು ಫಾಲ್ಸ್ ಎಂದರೆ ಒಂದು ಶೀಟಿನಲ್ಲಿ ಅದು ಸಂಖ್ಯೆ, ಇನ್ನೊಂದರಲ್ಲಿ ಸಂಖ್ಯೆಯ ವೇಷದ ಪಠ್ಯ. ಮ್ಯಾಚ್‌ಗೂ ವಿಲುಕಪ್‌ಗೂ ಇವು ಬೇರೆ ಬೇರೆ. ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ 'ನಂಬರ್' ಎಂದು ಬದಲಿಸಿದರೆ ಸರಿಹೋಗುವುದಿಲ್ಲ, ತೋರಿಕೆ ಮಾತ್ರ ಬದಲಾಗುತ್ತದೆ, ಒಳಗಿರುವುದು ಪಠ್ಯವಾಗಿಯೇ ಉಳಿಯುತ್ತದೆ.

ಎರಡೂ ಪಠ್ಯವೇ ಆಗಿದ್ದರೆ ಅಕ್ಷರ ಎಣಿಸುವ ಲೆನ್ ಹಾಕಿ. ಐದು ಅಂಕಿಗೆ 6 ಎಂದು ಬಂತೋ, ಹಿಂದೆಯೋ ಮುಂದೆಯೋ ಸ್ಪೇಸ್ ಅಂಟಿಕೊಂಡಿದೆ. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಹಾಕಿದ ಮೇಲೂ 6 ಬಂದರೆ ಅದು ಸಾಮಾನ್ಯ ಸ್ಪೇಸ್ ಆಗಿರಲಿಕ್ಕಿಲ್ಲ. =ಯೂನಿಕೋಡ್(ರೈಟ್(ಎ2,1)) ಹಾಕಿದರೆ ಬಹಳ ಸಲ 160 ಎಂದು ಬರುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದ ಡೇಟಾದಲ್ಲಿ ಇದು ಮಾಮೂಲು, ಟ್ರಿಮ್ ಅದನ್ನು ಮುಟ್ಟುವುದಿಲ್ಲ.

ಒಂದೊಂದನ್ನೇ ರಿಪೇರಿ ಮಾಡುತ್ತಾ ಕೂರುವ ಬದಲು ಎರಡೂ ಶೀಟುಗಳಲ್ಲಿ ಒಂದು ಸಹಾಯಕ ಕಾಲಂ ಮಾಡಿಕೊಳ್ಳಿ:

=ಟ್ರಿಮ್(ಸಬ್‌ಸ್ಟಿಟ್ಯೂಟ್(ಎ2, ಯೂನಿಚಾರ್(160), " "))

ಟ್ರಿಮ್ ಯಾವಾಗಲೂ ಪಠ್ಯವನ್ನೇ ಹಿಂದಿರುಗಿಸುವುದರಿಂದ ಸಂಖ್ಯೆ-ಪಠ್ಯದ ಜಗಳವೂ ಇದರಲ್ಲೇ ಮುಗಿಯುತ್ತದೆ. ಇನ್ನು ಮ್ಯಾಚ್ ಹಾಕುವುದು ಈ ಎರಡು ಕಾಲಂಗಳ ನಡುವೆ. ಒಂದು ಕಡೆ 00452, ಇನ್ನೊಂದು ಕಡೆ 452 ಇದ್ದರೆ =ಟೆಕ್ಸ್ಟ್(ವ್ಯಾಲ್ಯೂ(...), "00000") ಎಂದು ಎರಡನ್ನೂ ಐದಂಕಿಗೆ ತನ್ನಿ (ಚುಕ್ಕಿಗಳ ಜಾಗದಲ್ಲಿ ಮೇಲಿನ ಟ್ರಿಮ್ ಫಾರ್ಮುಲಾ ಬರಬೇಕು).

ಸಂಖ್ಯೆ 16 ಅಂಕಿ ಅಥವಾ ಹೆಚ್ಚಿದ್ದರೆ ಎಚ್ಚರ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಯನ್ನಷ್ಟೇ ಉಳಿಸಿಕೊಳ್ಳುತ್ತದೆ, ಅದರಾಚೆಗಿನವು ಸೊನ್ನೆಯಾಗುತ್ತವೆ. ಸಿಎಸ್‌ವಿ ಫೈಲನ್ನು ನೇರವಾಗಿ ತೆರೆದು ಸೇವ್ ಮಾಡಿದ್ದರೆ ಹೋದ ಅಂಕಿ ಹೋದಂತೆಯೇ. ಮೂಲ ಫೈಲಿನಿಂದ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಗೊತ್ತುಮಾಡಿ ಮತ್ತೆ ಇಂಪೋರ್ಟ್ ಮಾಡದೆ ಬೇರೆ ದಾರಿಯಿಲ್ಲ. ಎಷ್ಟು ಸಲ ಇದೆ ಎಂದು ಎಣಿಸುವ, ಹಲವರು ಹೇಳಿಕೊಡುವ ಕೌಂಟ್‌ಇಫ್ ಅನ್ನು ನಾನು ಮೊದಲ ಆಯ್ಕೆ ಮಾಡದಿರುವುದೂ ಇದಕ್ಕೇ. ಪಠ್ಯವಾಗಿ ಇಟ್ಟಿದ್ದರೂ ಅದು ಒಳಗೊಳಗೆ ಸಂಖ್ಯೆಯೆಂದು ಹೋಲಿಸಿ, ಮೊದಲ 15 ಅಂಕಿ ಒಂದೇ ಆಗಿರುವ ಎರಡನ್ನು ಒಂದೇ ಎಂದು ಎಣಿಸಿಬಿಡುತ್ತದೆ. ಇನ್ನೊಂದು ಫೈಲ್ ಮುಚ್ಚಿದ್ದರೆ ವ್ಯಾಲ್ಯೂ ಎರರ್ ಬೇರೆ. ಚಿಕ್ಕ ಸಂಖ್ಯೆಗಳಲ್ಲಿ ಒಬ್ಬರೇ ಎರಡು ಸಲ ಕಟ್ಟಿದ್ದಾರಾ ಎಂದು ಎಣಿಸಲು ಮಾತ್ರ ಅದು ಒಳ್ಳೆಯದು. ಮ್ಯಾಚ್‌ಗೆ ಒಂದು ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ, ಎರಡನೆಯದರ ಸುದ್ದಿ ಹೇಳುವುದಿಲ್ಲ.

ಗುರುತಿನ ಸಂಖ್ಯೆಯೇ ಇಲ್ಲದೆ ದಿನಾಂಕ, ಮೊತ್ತ ಸೇರಿಸಿ ಹೋಲಿಸಬೇಕಾದರೆ ಅವನ್ನು ಒಂದೇ ಸೆಲ್‌ಗೆ ಜೋಡಿಸಿ, ನಡುವೆ | ಇಡಿ. ಗೆರೆ ಇಲ್ಲದಿದ್ದರೆ 12 ಮತ್ತು 3 ಸೇರಿದ್ದೂ, 1 ಮತ್ತು 23 ಸೇರಿದ್ದೂ ಎರಡೂ 123 ಆಗುತ್ತವೆ. ಮೊತ್ತವನ್ನು ರೌಂಡ್‌ನಿಂದ ಎರಡು ದಶಮಾಂಶಕ್ಕೆ ಕತ್ತರಿಸಿ. ದಿನಾಂಕ ಒಳಗೆ ಒಂದು ಸಂಖ್ಯೆ: 2025ರ ಜನವರಿ 1 ಎಂದರೆ 45658. ಅದೇ ದಿನ ಸಂಜೆ 6 ಗಂಟೆಯ ನಮೂದು 45658.75. ತೋರಿಕೆಯಲ್ಲಿ ಒಂದೇ ದಿನ, ಹೋಲಿಕೆಯಲ್ಲಿ ಬೇರೆ, ಆದ್ದರಿಂದ ಇಂಟ್ ಹಾಕಿ ಸಮಯ ಉದುರಿಸಿ. ದಿನ-ತಿಂಗಳು ಅದಲುಬದಲಾಗಿದ್ದರೆ ಲಕ್ಷಣ ಸ್ಪಷ್ಟ: 12ರೊಳಗಿನ ದಿನಗಳು ತಪ್ಪು ದಿನಾಂಕವಾಗಿ ಕೂತಿರುತ್ತವೆ, 13ರಿಂದಾಚೆಗಿನವು ಪಠ್ಯವಾಗಿ ಉಳಿದಿರುತ್ತವೆ.

ಹೆಸರಿನಿಂದ ಹೋಲಿಸುವ ಕೆಲಸಕ್ಕೆ ಆದಷ್ಟು ಕೈಹಾಕಬೇಡಿ. ಇನಿಶಿಯಲ್ ಹಿಂದೆ ಮುಂದೆ ಆದರೂ ಸಾಕು, ತಪ್ಪಿಹೋಗುತ್ತದೆ. ಕನ್ನಡದಲ್ಲಿ ಟೈಪ್ ಮಾಡಿದ ಹೆಸರುಗಳಿಗೆ ಇನ್ನೊಂದು ತಾಪತ್ರಯ: ಅರ್ಧಾಕ್ಷರ ಬಿಡಿಸಲು ಹಾಕುವ ಕಾಣದ ಅಕ್ಷರ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರಬಹುದು. ಅದರ ಸಂಖ್ಯೆ 8204, ಅದರ ಜೋಡಿ 8205. ಮೇಲಿನ ಸಬ್‌ಸ್ಟಿಟ್ಯೂಟ್ ರೀತಿಯಲ್ಲೇ, ಆದರೆ " " ಬದಲು "" ಕೊಟ್ಟು, ಎರಡನ್ನೂ ತೆಗೆದುಹಾಕಿ.

ಬಣ್ಣ ಬೇಕೆಂದರೆ ಸಾಲುಗಳನ್ನು ಆರಿಸಿ, ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಫಾರ್ಮುಲಾ ಬಳಸುವ ನಿಯಮಕ್ಕೆ =$ಇ2="ಇದೆ" ಕೊಡಿ. ಆದರೂ 'ಇದೆ/ಇಲ್ಲ' ಕಾಲಂ ಉಳಿಸಿಕೊಳ್ಳಿ, ಎಣಿಸಲು ಅದೇ ಬೇಕು. ಗೂಗಲ್ ಶೀಟ್ಸ್‌ನಲ್ಲೂ ಇದೇ ಫಾರ್ಮುಲಾ ನಡೆಯುತ್ತದೆ, ಬೇರೆ ಫೈಲಾದರೆ ಮೊದಲು ಇಂಪೋರ್ಟ್‌ರೇಂಜ್‌ನಿಂದ ತಂದು ಅನುಮತಿ ಕೊಡಬೇಕು. ಸಾಲುಗಳು ಲಕ್ಷ ಮುಟ್ಟಿದ್ದರೆ ಎಕ್ಸೆಲ್‌ನಲ್ಲೇ ಇರುವ, ಡೇಟಾ ತಂದು ಜೋಡಿಸುವ ಪವರ್ ಕ್ವೆರಿಯ ಮರ್ಜ್ ಒಳ್ಳೆಯದು. ಆದರೆ ಅದು ಇಂಗ್ಲಿಷಿನ ದೊಡ್ಡಕ್ಷರ-ಚಿಕ್ಕಕ್ಷರಗಳನ್ನು ಬೇರೆ ಎಂದೇ ನೋಡುತ್ತದೆ, ಮ್ಯಾಚ್ ಹಾಗಲ್ಲ.

ಅದೇ ಫಾರ್ಮುಲಾವನ್ನು ಉಲ್ಟಾ 'ಪಾವತಿ' ಶೀಟಿನಲ್ಲೂ ಹಾಕಿ. ಹಣ ಕಟ್ಟಿದ್ದೂ ಸದಸ್ಯರ ಪಟ್ಟಿಯಲ್ಲಿಲ್ಲದವರು ಅಲ್ಲೇ ಸಿಗುವುದು. 'ಇಲ್ಲ' ಎಂದು ಬಂದ ಹತ್ತು ಸಾಲು ಆರಿಸಿ, ಸಂಖ್ಯೆಯ ಕೊನೆಯ ಮೂರು ಅಂಕಿಯನ್ನಷ್ಟೇ ಕಂಟ್ರೋಲ್ ಎಫ್‌ನಿಂದ ಇನ್ನೊಂದು ಶೀಟಿನಲ್ಲಿ ಹುಡುಕಿ. ಹತ್ತರಲ್ಲಿ ಒಂದರ ಪೂರ್ತಿ ಸಂಖ್ಯೆಯೇ ಅಲ್ಲಿ ಸಿಕ್ಕರೂ ಸಹಾಯಕ ಕಾಲಂನಲ್ಲಿ ಇನ್ನೂ ಕಸ ಉಳಿದಿದೆ. 'ಪಾವತಿ' ಶೀಟನ್ನು ಅಳಿಸುವ ಯೋಚನೆ ಇದ್ದರೆ ಅದಕ್ಕೆ ಮೊದಲು ಇ ಕಾಲಂ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆರಿಸಿ ಅಲ್ಲೇ ಅಂಟಿಸಿ. ಹಾಗೆ ಮಾಡದಿದ್ದರೆ ಶೀಟು ಹೋದ ಕ್ಷಣ ಇಡೀ ಕಾಲಂ 'ಇಲ್ಲ' ಆಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ.