ಹದಿನೈದು ನಿಮಿಷ ಓಡಿ ನಿಲ್ಲುವ ಎಂಜಿನ್: ನಾಡದೋಣಿಯವರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮ್ಮದು ಫೈಬರ್ ನಾಡದೋಣಿ. ಮೂರು ಜನ ಹೋಗುತ್ತೇವೆ. ಹಳೆಯ 9.9 ಎಚ್‌ಪಿ ಸೀಮೆಎಣ್ಣೆ ಎಂಜಿನ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಬೆಳಗ್ಗೆ ಪೆಟ್ರೋಲಿನಲ್ಲಿ ಹಗ್ಗ ಒಂದೆರಡು ಸಲ ಎಳೆದರೆ ಸಾಕು, ಸ್ಟಾರ್ಟ್ ಆಗುತ್ತದೆ. ಸೀಮೆಎಣ್ಣೆಗೆ ತಿರುಗಿಸಿದ ಮೇಲೆ ಹದಿನೈದು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಸ್ಪೀಡ್ ಇಳಿದು ನಿಂತೇಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಮೂರು ಸಲ ಪ್ಲಗ್ ಬದಲಿಸಿದೆವು, ಕಾರ್ಬ್ಯುರೇಟರ್ ತೊಳೆಸಿದೆವು. ಈಗ ಒಬ್ಬರು ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ ಅನ್ನುತ್ತಾರೆ. ಯಾರ ಮಾತು ಕೇಳುವುದು ಅಣ್ಣ?
— ಕೊಯಿಪಾಡಿ, ಕುಂಬಳೆ

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಬೋರ್ ಸವೆದ ಎಂಜಿನ್ ಬೆಳಗ್ಗೆ ತಣ್ಣಗಿರುವಾಗ ಒಂದೆರಡು ಎಳೆತಕ್ಕೆ ಹಿಡಿಯುವುದು ಅಪರೂಪ. ಆ ಖರ್ಚು ಕೊನೆಗಿರಲಿ. ಕಾಯಿಲ್ ಹೋಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ನೋಡದೆ ಯಾಕೆ ದುಡ್ಡು ಹಾಕಬೇಕು?

ದೊಡ್ಡ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಹದಿನೈದು ನಿಮಿಷ ಓಡುತ್ತದೆ, ಅರ್ಧ ಗಂಟೆ ಬಿಟ್ಟರೆ ಸರಿಯಾಗುತ್ತದೆ ಅಂದಿರಿ. ಹೀಗೆ ಲೆಕ್ಕಕ್ಕೆ ಸರಿಯಾಗಿ ನಿಲ್ಲುತ್ತದೆ ಅಂದರೆ ಒಂದೋ ಬಿಸಿಯಾದಾಗ ಯಾವುದೋ ಪಾರ್ಟ್ ಕೈಕೊಡುತ್ತಿದೆ, ಇಲ್ಲವೇ ಎಣ್ಣೆ ಬರುವುದು ನಿಧಾನಕ್ಕೆ ಕಟ್ಟುತ್ತಿದೆ. ಕಷ್ಟ ಏನೆಂದರೆ, ಎಂಜಿನ್ ಬಿಸಿಯೇರುವ ಹೊತ್ತಿಗೇ ನೀವು ಸೀಮೆಎಣ್ಣೆಗೆ ತಿರುಗಿಸುತ್ತೀರಿ. ಎರಡೂ ಒಟ್ಟಿಗೆ ಆಗುವುದರಿಂದ ತಪ್ಪು ಯಾವುದರದ್ದು ಎಂದು ತಿಳಿಯುವುದಿಲ್ಲ. ಇನ್ನು ಮೆಕ್ಯಾನಿಕ್ ಹತ್ತಿರ ತರುವಷ್ಟರಲ್ಲಿ ಎಂಜಿನ್ ತಣ್ಣಗಾಗಿ ಎಲ್ಲ ಸರಿ ಇರುತ್ತದೆ. ಅವರಾದರೂ ಏನು ಮಾಡಿಯಾರು, ಅಂದಾಜಿನ ಮೇಲೆ ಒಂದು ಪಾರ್ಟಿನ ಹೆಸರು ಹೇಳುತ್ತಾರೆ.

ಹಾಗಾಗಿ ಮೊದಲು ಈ ಎರಡನ್ನು ಬೇರೆ ಮಾಡಿ. ಶಿರಿಯ ಹೊಳೆಯ ಒಳಗೇ, ಅಳಿವೆ ದಾಟದೆ, ಅರ್ಧ ಗಂಟೆ ಬರೀ ಪೆಟ್ರೋಲಿನಲ್ಲಿ ಓಡಿಸಿ. ಸೀಮೆಎಣ್ಣೆಗೆ ತಿರುಗಿಸಲೇಬೇಡಿ. ಆಕ್ಸಿಲರೇಟರ್ ಅರ್ಧದಷ್ಟು ಇರಲಿ, ಸುಮ್ನೆ ಐಡಲ್‌ನಲ್ಲಿ ಇಟ್ಟರೆ ಪರೀಕ್ಷೆಯಾಗುವುದಿಲ್ಲ. ಪೆಟ್ರೋಲಿಗೂ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬೆರೆಸಿರಬೇಕು, ಮರೆಯಬೇಡಿ. ಎಷ್ಟು ಎಂಬುದು ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿದೆ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಹುಟ್ಟು ದೋಣಿಯಲ್ಲೇ ಇರಲಿ.

ಪೆಟ್ರೋಲಿನಲ್ಲಿ ಅರ್ಧ ಗಂಟೆ ತೊಂದರೆ ಇಲ್ಲದೆ ಓಡಿತು ಅನ್ನಿ. ಕಾಯಿಲ್ ಮೇಲಿನ ಅನುಮಾನ ಬಹುಪಾಲು ಹೋಯಿತು. ಹುಡುಕಬೇಕಾದದ್ದು ಸೀಮೆಎಣ್ಣೆ ಕ್ಯಾನಿನಿಂದ, ಪೆಟ್ರೋಲ್-ಸೀಮೆಎಣ್ಣೆ ಬದಲಿಸುವ ಕಾಕ್‌ವರೆಗಿನ ದಾರಿಯಲ್ಲಿ. ಈಗ ಸೀಮೆಎಣ್ಣೆಗೆ ಹಾಕಿ ಓಡಿಸಿ. ಸ್ಪೀಡ್ ಇಳಿಯಲು ಶುರುವಾದ ಕ್ಷಣದಲ್ಲೇ ಪೈಪಿನ ನಡುವಿನ ರಬ್ಬರ್ ಬಲ್ಬ್ ಮುಟ್ಟಿ ನೋಡಿ. ಇದೇ ಮುಖ್ಯ, ನಿಂತು ಹತ್ತು ನಿಮಿಷ ಆದ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಬಲ್ಬ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಅದಕ್ಕಿಂತ ಹಿಂದೆ ದಾರಿ ಕಟ್ಟಿದೆ. ಟ್ಯಾಂಕಿನ ಮುಚ್ಚಳ ತಿರುಗಿಸಿ. ಉಸ್ಸ್ ಎಂದು ಗಾಳಿ ಒಳಹೋದ ಸದ್ದು ಬಂತಾ? ಹಾಗಾದರೆ ನಿಮ್ಮ ರೋಗ ಮುಚ್ಚಳದ ಮೇಲಿನ ಗಾಳಿ ತೂತು. ಎಣ್ಣೆ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ತೂತಿನಲ್ಲಿ ಉಪ್ಪು ಕಟ್ಟಿದ್ದರೆ, ಅಥವಾ ಅದರ ಸ್ಕ್ರೂ ತೆರೆಯಲು ಮರೆತಿದ್ದರೆ, ಟ್ಯಾಂಕ್ ಎಣ್ಣೆ ಬಿಡುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಸಂದಿಯಿಂದ ಗಾಳಿ ನುಸುಳುತ್ತದೆ, ಮತ್ತೆ ಓಡುತ್ತದೆ. ನೀವು ಹೇಳಿದ ಲಕ್ಷಣವೇ ಅಲ್ವಾ ಇದು? ಗಾಳಿಯ ಸದ್ದು ಬರದಿದ್ದರೆ ಟ್ಯಾಂಕಿನೊಳಗೆ ಎಣ್ಣೆ ಎಳೆಯುವ ಕೊಳವೆಯ ಜಾಲರಿ ನೋಡಿ. ಅದೂ ಸರಿ ಇದ್ದರೆ ಪೈಪ್. ಹಳೆಯ ಪೈಪ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಪದರ ಮಾತ್ರ ಬಿಟ್ಟುಕೊಂಡು ಎಣ್ಣೆಯ ದಾರಿಗೆ ಅಡ್ಡ ಬರುತ್ತದೆ. ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ನಿಮ್ಮ ಪೆಟ್ರೋಲ್ ಪೈಪ್ ಕೂಡ ಹಳೆಯದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಬಲ್ಬ್ ಮೆತ್ತಗಿದ್ದು, ನಾಲ್ಕು ಸಲ ಒತ್ತಿದ ಕೂಡಲೇ ಎಂಜಿನ್ ಚೇತರಿಸಿಕೊಂಡರೆ ಬೇರೆ ಕಥೆ. ಎಂಜಿನ್ನಿನ ಮೇಲಿರುವ ಚಿಕ್ಕ ಫ್ಯೂಯಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪರದೆ) ಸೋತಿದೆ, ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಪೆಟ್ರೋಲಿನಲ್ಲಿ ಸರಿಯಾಗಿ ಓಡಿದ್ದರೆ ಪಂಪ್ ಸರಿ ಇದೆ ಎಂದಾಯಿತು, ಯಾಕೆಂದರೆ ಎರಡಕ್ಕೂ ಅದೇ ಪಂಪ್. ಆಗ ಸೀಮೆಎಣ್ಣೆ ಪೈಪಿನ ಕ್ಲಿಪ್‌ಗಳನ್ನೂ ಪೆಟ್ರೋಲ್-ಸೀಮೆಎಣ್ಣೆ ಬದಲಿಸುವ ಕಾಕ್ ಅನ್ನೂ ನೋಡಿ. ಹಳೆಯ ಎಂಜಿನ್‌ಗಳಲ್ಲಿ ಈ ಕಾಕಿನ ಒಳಗಿನ ರಬ್ಬರ್ ರಿಂಗ್ ಸವೆದಿರುತ್ತದೆ. ಚಿಕ್ಕ ಪಾರ್ಟ್, ಆದರೆ ಜನ ಕೊನೆಗೆ ನೋಡುವುದು ಇದನ್ನೇ.

ಇನ್ನೊಂದು ಸುಲಭದ ಕೆಲಸ. ಕ್ಯಾನಿನ ತಳದ ಸೀಮೆಎಣ್ಣೆಯನ್ನು ಗಾಜಿನ ಬಾಟಲಿಗೆ ಹಾಕಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀಲಿ ಸೀಮೆಎಣ್ಣೆಯಾದರೆ ಗೆರೆ ಚೆನ್ನಾಗಿ ಕಾಣುತ್ತದೆ.

ಪೆಟ್ರೋಲಿನಲ್ಲೂ ಅದೇ ಹದಿನೈದು ನಿಮಿಷಕ್ಕೆ ನಿಂತರೆ? ಕೂಡಲೇ ಹಗ್ಗ ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿದ್ದರೆ ಪಿಸ್ಟನ್ ಬಿಸಿಗೆ ಹಿಡಿದುಕೊಂಡಿದೆ. ಮತ್ತೆ ಎಳೆಯಬೇಡಿ, ತಣ್ಣಗಾಗಲು ಬಿಡಿ, ಕೂಲಿಂಗ್ ನೋಡಿಸಿ. ಹಗ್ಗ ಸಲೀಸಾಗಿ ಬಂದರೆ ಕಿಡಿ ನೋಡಬೇಕು. ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆಯುವುದು ಎಲ್ಲರಿಗೂ ಗೊತ್ತು. ಆದರೆ ಪ್ಲಗ್ಗಿನ ತೂತಿನಿಂದ ಆವಿ ಬರುತ್ತಿರುತ್ತದೆ, ಪಕ್ಕದಲ್ಲಿ ಪೆಟ್ರೋಲ್ ಕ್ಯಾನ್ ಬೇರೆ. ತೂತಿಗೆ ಬಟ್ಟೆ ತುರುಕಿ, ಪ್ಲಗ್ ದೂರ ಹಿಡಿಯಿರಿ. ಕಿಡಿ ನೋಡುವ ಟೆಸ್ಟರ್ ಅಂಗಡಿಯಲ್ಲಿ ಸಿಗುತ್ತದೆ, ಅದೇ ಒಳ್ಳೆಯದು. ಕಿಡಿ ನೀಲಿಯಾಗಿ ಚಟಚಟ ಹಾರಬೇಕು. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದಾಗ ಇದೆ ಅಂದರೆ ಕಾಯಿಲ್ ಅಥವಾ ಸಿಡಿಐ (ಕಿಡಿಯನ್ನು ಹೊತ್ತಿಗೆ ಸರಿಯಾಗಿ ಬಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ). ಕಾಯಿಲಿನ ಒಳಗಿನ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ. ಆಗ ಖರ್ಚು ಮಾಡಿ, ನನ್ನ ಅಡ್ಡಿಯಿಲ್ಲ. ಅದಕ್ಕೂ ಮೊದಲು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ವೈರ್ ಬಿಚ್ಚಿ ಒಮ್ಮೆ ಕಿಡಿ ನೋಡಿ. ಉಪ್ಪು ಹಿಡಿದ ಸ್ವಿಚ್ ಕಿಡಿಯನ್ನು ಕೊಂದುಬಿಡುತ್ತದೆ. ಪರೀಕ್ಷೆ ಆದ ಮೇಲೆ ವೈರ್ ಮತ್ತೆ ಹಾಕಲೇಬೇಕು.

ಪ್ಲಗ್ ಮೂರು ಸಲ ಬದಲಿಸಿದ್ದೀರಿ. ನಂಬರ್ ನೋಡಿದ್ದೀರಾ? ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು. ಬಿ8ಎಚ್ಎಸ್ ಬಿ7ಎಚ್ಎಸ್‌ಗಿಂತ ತಂಪು. ಸೀಮೆಎಣ್ಣೆಗೆ ಪ್ಲಗ್ ಸ್ವಲ್ಪ ಬಿಸಿಯೇ ಇರಬೇಕು, ಇಲ್ಲದಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. ಅಂಗಡಿಯವರು "ಇದೂ ಆಗುತ್ತದೆ" ಎಂದು ಕೊಟ್ಟದ್ದನ್ನು ತರಬೇಡಿ. ತೆಗೆದ ಪ್ಲಗ್ಗುಗಳನ್ನು ಬಿಸಾಡಬೇಡಿ. ಒಣಗಿ ಕಂದು ಬಣ್ಣವಿದ್ದರೆ ಸರಿ. ಒದ್ದೆ, ಕರಿ ಇದ್ದರೆ ಸೀಮೆಎಣ್ಣೆ ಉರಿಯುತ್ತಿಲ್ಲ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ವಿಪರೀತ ಬಿಸಿಯಾಗಿದೆ ಅಥವಾ ಎಣ್ಣೆ ಸಾಲುತ್ತಿಲ್ಲ. ಆ ಬಿಳಿ ಪ್ಲಗ್ ಕಂಡರೆ ನಾನಂತೂ ಹೆದರುತ್ತೇನೆ, ಮುಂದಿನ ಸಲ ತೂತಾಗುವುದು ಪಿಸ್ಟನ್.

ಒಂದು ಅಭ್ಯಾಸದ ಮಾತೂ ಇದೆ. ನಮ್ಮ ಕಡೆ ಸ್ಟಾರ್ಟ್ ಆದ ಅರ್ಧ ನಿಮಿಷಕ್ಕೇ ಕಾಕ್ ತಿರುಗಿಸುವವರು ಜಾಸ್ತಿ. ಪೆಟ್ರೋಲ್ ಉಳಿಯುತ್ತದೆ ಎಂಬ ಆಸೆ. ಪೆಟ್ರೋಲ್ ಚಳಿಯಲ್ಲೂ ಆವಿಯಾಗುತ್ತದೆ. ಸೀಮೆಎಣ್ಣೆ ಕನಿಷ್ಠ 35 ಡಿಗ್ರಿ ಬಿಸಿಯಾಗದೆ ಬೆಂಕಿ ಹಿಡಿಯುವಷ್ಟು ಆವಿಯನ್ನೇ ಕೊಡುವುದಿಲ್ಲ. ತಣ್ಣಗಿನ ಎಂಜಿನ್ನಿಗೆ ಅದನ್ನು ಕೊಟ್ಟರೆ ಅರ್ಧ ಉರಿದು ಉಳಿದದ್ದು ಒಳಗೇ ಸೇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಆಮೇಲೆ ತಿರುಗಿಸಿ. ಬಲೆ ಎಳೆಯುವಾಗ ಐಡಲ್‌ನಲ್ಲೇ ಬಹಳ ಹೊತ್ತು ಇಡುವುದಾದರೆ ಪೆಟ್ರೋಲಿಗೆ ಹಾಕಿ. ದಡಕ್ಕೆ ಬರುವ ಮೊದಲೂ ಪೆಟ್ರೋಲಿಗೆ ಹಾಕಿ ಕೆಲವು ನಿಮಿಷ ಓಡಿಸಿಯೇ ನಿಲ್ಲಿಸಿ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಬೆಳಗ್ಗೆ ಹಗ್ಗ ಎಳೆದು ತೋಳು ಬೀಳುತ್ತದೆ.

ಪ್ರಶ್ನೆ: ಎಂಜಿನ್ ತಂಪು ಮಾಡಿ ಹಿಂದಿನಿಂದ ಚಿಮ್ಮುವ ನೀರು ಸಣ್ಣಗಾಗಿದೆ. ತಂತಿ ಹಾಕಿ ಚುಚ್ಚಿದರೆ ಎರಡು ದಿನ ಸರಿ, ಮತ್ತೆ ಹಾಗೆಯೇ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ನೀರು ತಡೆಯುವ ಪಾರ್ಟ್) ತೆಗೆದು ಬಿಸಾಡಿದರೆ ನೀರು ಧಾರಾಳ ಬರುತ್ತದೆ ಎಂದು ಒಬ್ಬರು ಹೇಳಿದರು. ತೆಗೆಯಬಹುದಾ?
— ಹೊಸಬೆಟ್ಟು, ಮಂಜೇಶ್ವರ

ಉತ್ತರ: ತೆಗೆಯಬೇಡಿ. ನೀರು ಜಾಸ್ತಿ ಬರುತ್ತದೆ, ನಿಜ. ಆದರೆ ಎಂಜಿನ್ ಸದಾ ತಣ್ಣಗೇ ಓಡುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಬಿಚ್ಚಿ ಒಂದು ಪಾತ್ರೆ ನೀರಿನಲ್ಲಿ ಹಾಕಿ ಒಲೆಯ ಮೇಲಿಡಿ. ನೀರು ಕುದಿಯುವುದಕ್ಕೆ ಎಷ್ಟೋ ಮೊದಲೇ ಅದು ಬಾಯಿ ತೆರೆಯಬೇಕು, ಆರಿದಾಗ ಮುಚ್ಚಬೇಕು. ತೆರೆಯದಿದ್ದರೆ ಹೊಸದು ಹಾಕಿ.

ನಿಮ್ಮದರಲ್ಲಿ ಮೊದಲ ಅನುಮಾನ ಕೆಳಗಿನ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಮೇಲೆ. ಅಳಿವೆ ದಾಟುವಾಗ, ಕಡಿಮೆ ನೀರಿನಲ್ಲಿ ಓಡಿಸುವಾಗ, ಹೊಯ್ಗೆ ಎದ್ದು ಪಂಪಿನೊಳಗೆ ಹೋಗುತ್ತದೆ. ರಬ್ಬರಿನ ರೆಕ್ಕೆಗಳ ತುದಿ ಸವೆಯುತ್ತದೆ, ಸುತ್ತಲಿನ ಲೋಹದ ಬಟ್ಟಲಿನಲ್ಲಿ ಗೀರು ಬೀಳುತ್ತದೆ. ಬಿಚ್ಚಿದಾಗ ರೆಕ್ಕೆಗಳು ಒಂದೇ ಕಡೆ ಬಾಗಿ ಹಾಗೇ ನಿಂತಿದ್ದರೆ ಕೆಲಸ ಮುಗಿದಿದೆ. ಒಂದು ರೆಕ್ಕೆ ತುಂಡಾಗಿದ್ದರೆ ಆ ತುಂಡು ಹುಡುಕಲೇಬೇಕು. ಮೇಲೆ ಹೋಗುವ ಕೊಳವೆಯಲ್ಲಿ ಸಿಕ್ಕಿಕೊಂಡು ಹೊಸ ಇಂಪೆಲ್ಲರನ್ನೂ ದಂಡ ಮಾಡುತ್ತದೆ. ಹೊಸದನ್ನು ಹಾಕುವಾಗ ಶಾಫ್ಟಿನ ಚಿಕ್ಕ ಕೀ ಬೀಳದಂತೆ ನೋಡಿಕೊಳ್ಳಿ. ಶಾಫ್ಟನ್ನು ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಕೂರಿಸಿ.

ದಡದಲ್ಲಿ ನೀರಿಲ್ಲದೆ "ಒಂದು ಸಲ ಸ್ಟಾರ್ಟ್ ಆಗುತ್ತದಾ ನೋಡೋಣ" ಎನ್ನುವ ಚಾಳಿ ಬಿಡಬೇಕು. ಇಂಪೆಲ್ಲರಿಗೆ ಜಾರಿಕೆ ಕೊಡುವುದೇ ನೀರು, ಒಣಗಿ ತಿರುಗಿದರೆ ಬೇಗ ಸುಟ್ಟುಹೋಗುತ್ತದೆ. ಮನೆಯಲ್ಲಿ ಒಂದು ದೊಡ್ಡ ಡ್ರಮ್ ಇಡಿ. ಸಿಹಿನೀರು ತುಂಬಿಸಿ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹತ್ತು ನಿಮಿಷ ಓಡಿಸಿದರೆ ಒಳಗಿನ ಉಪ್ಪು ಹೋಗುತ್ತದೆ. ದಿನಾ ಆಗದಿದ್ದರೆ ರಜೆಯ ದಿನವಾದರೂ ಮಾಡಿ.

ಪ್ರಶ್ನೆ: ಗೇರ್ ಆಯಿಲ್ ಬಿಚ್ಚಿದರೆ ಹಾಲು ಹಾಕಿದ ಚಹಾದ ಬಣ್ಣ. ಹೊಸ ಆಯಿಲ್ ಹಾಕಿದರೆ ಸಾಕಾ?
— ಮೊಗ್ರಾಲ್

ಉತ್ತರ: ಸಾಲದು. ನೀರು ಸೇರಿದೆ. ದೋಣಿ ತಳ್ಳುವ ಫ್ಯಾನ್ ಬಿಚ್ಚಿ ಶಾಫ್ಟಿನ ಬುಡ ನೋಡಿ. ಹತ್ತರಲ್ಲಿ ಏಳೆಂಟು ಸಲ ಅಲ್ಲಿ ಬಲೆಯ ನೈಲಾನ್ ನೂಲು ಸುತ್ತಿ ಸೀಲನ್ನು ಕೊಯ್ದಿರುತ್ತದೆ. ನೂಲು ತೆಗೆದು ಸೀಲ್ ಬದಲಿಸಿ. ಆಯಿಲ್ ಕೆಳಗಿನ ತೂತಿನಿಂದಲೇ ತುಂಬಿಸಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬರುವ ತನಕ. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್. ಹಳೆಯ ಆಯಿಲ್ಲಿನಲ್ಲಿ ಲೋಹದ ಚೂರು ಹೊಳೆದರೆ ಗೇರ್ ಬಿಚ್ಚಿಸಿ.

ಪ್ರಶ್ನೆ: ಅಳಿವೆಯಲ್ಲಿ ತೆರೆಗೆ ಸಿಕ್ಕಿ ದೋಣಿ ಮಗುಚಿತು. ದೇವರ ದಯೆ, ಎಲ್ಲರೂ ಈಜಿ ದಡ ಸೇರಿದರು. ಎಂಜಿನ್ ಮೇಲೆತ್ತಿ ಬಿಸಿಲಿಗೆ ಒಣಗಲು ಇಟ್ಟಿದ್ದೇವೆ. ಎಷ್ಟು ದಿನ ಒಣಗಿಸಬೇಕು?
— ಉಪ್ಪಳ

ಉತ್ತರ: ಒಂದು ಗಂಟೆಯೂ ಬೇಡ! ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗಿನ ಟ್ರಾಲಿಂಗ್ ನಿಷೇಧ ನಾಡದೋಣಿಗಳಿಗೆ ಇಲ್ಲದ್ದರಿಂದ, ಮಳೆಗಾಲದಲ್ಲಿ ಅಳಿವೆ ದಾಟುವವರು ನಾವೇ. ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಉಪ್ಪುನೀರು ಕುಡಿದ ಎಂಜಿನ್ ನೀರಿನಲ್ಲಿ ಇರುವುದಕ್ಕಿಂತ ಗಾಳಿಗೆ ಬಂದ ಮೇಲೆ ಬೇಗ ತುಕ್ಕು ಹಿಡಿಯುತ್ತದೆ. ಬೇರಿಂಗ್ ಮೇಲೆ ತುಕ್ಕು ಬರಲು ದಿನಗಟ್ಟಲೆ ಬೇಕಾಗಿಲ್ಲ.

ಎಂಜಿನ್ನಿನ ಮುಚ್ಚಳ ತೆಗೆದು ಸಿಹಿನೀರಿನಿಂದ ಪೂರ್ತಿ ತೊಳೆಯಿರಿ. ಪ್ಲಗ್ ಬಿಚ್ಚಿ, ಪ್ಲಗ್ಗಿನ ತೂತು ಕೆಳಮುಖವಾಗಿರುವಂತೆ ಮಲಗಿಸಿ, ಹಗ್ಗ ಮೆಲ್ಲಗೆ ಎಳೆದು ನೀರು ಹೊರಹಾಕಿ. ಓಡುತ್ತಿರುವಾಗಲೇ ಮುಳುಗಿದ್ದು, ಈಗ ಹಗ್ಗ ಎಲ್ಲೋ ತಡೆಯುತ್ತಿದ್ದರೆ ಒತ್ತಾಯ ಮಾಡಬೇಡಿ, ಕನೆಕ್ಟಿಂಗ್ ರಾಡ್ ಬಾಗಿರಬಹುದು. ಸಲೀಸಾಗಿ ತಿರುಗಿದರೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಿರಿ, ಟ್ಯಾಂಕಿನ ಎಣ್ಣೆ ಚೆಲ್ಲಿ ಹೊಸದು ಹಾಕಿ, ಸಿಲಿಂಡರಿಗೂ ಕಾರ್ಬ್ಯುರೇಟರ್ ಬಾಯಿಗೂ 2ಟಿ ಆಯಿಲ್ ಬಿಟ್ಟು ಹಲವು ಸಲ ಎಳೆಯಿರಿ. ಅದೇ ದಿನ ಸ್ಟಾರ್ಟ್ ಮಾಡಿ ಡ್ರಮ್ಮಿನಲ್ಲಿ ಅರ್ಧ ಗಂಟೆಯಾದರೂ ಓಡಿಸಿ, ಆ ಬಿಸಿಗೇ ಒಳಗಿನ ತೇವ ಹೋಗುತ್ತದೆ. ಅಂದು ಮೆಕ್ಯಾನಿಕ್ ಸಿಗದಿದ್ದರೆ ತಲೆಭಾಗವನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ನೋಡಿದವರು ನಗುತ್ತಾರೆ, ನಗಲಿ. ನಿಮ್ಮದು ಈಗಾಗಲೇ ಬಿಸಿಲಿನಲ್ಲಿದ್ದರೆ ಇದನ್ನು ಓದಿದ ಕೂಡಲೇ ಎತ್ತಿ ಪ್ಲಗ್ ಬಿಚ್ಚಿ.