ಪೈಥಾನ್‌ನ ಗ್ರಾಫ್ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನ ಆಡಿಯೊ ಸ್ಪೆಕ್ಟ್ರಮ್ ಗ್ರಾಫ್ ಮೇಲೆ ಕ್ಲಿಕ್ ಮಾಡಿದಾಗ ಆ ಫ್ರೀಕ್ವೆನ್ಸಿ ಹಿಡಿಯುವುದು ಹೇಗೆ?

ಗೆರೆಗೇ ಕ್ಲಿಕ್ ತಾಗಬೇಕೆಂದು ಪಿಕ್ ಇವೆಂಟ್ ಹಿಂದೆ ಬೀಳಬೇಡಿ. ಬಿಂದುಗಳು ಒತ್ತೊತ್ತಾಗಿರುವ ಕಡೆ ಒಂದೇ ಕ್ಲಿಕ್‌ಗೆ ಹಲವು ಸಿಕ್ಕಿಬಿಡುತ್ತವೆ. ಕ್ಯಾನ್ವಾಸ್‌ನ ಎಂಪಿಎಲ್_ಕನೆಕ್ಟ್ ಮೂಲಕ 'ಬಟನ್_ಪ್ರೆಸ್_ಇವೆಂಟ್'ಗೆ ನಿಮ್ಮ ಫಂಕ್ಷನ್ ಜೋಡಿಸಿ. ಎಕ್ಸ್ ಅಕ್ಷಕ್ಕೆ ಹರ್ಟ್ಸ್ ಕೊಟ್ಟಿದ್ದರೆ ಇವೆಂಟ್‌ನ ಎಕ್ಸ್‌ಡೇಟಾ ಕೂಡ ಹರ್ಟ್ಸ್‌ನಲ್ಲೇ ಬರುತ್ತದೆ, ಪಿಕ್ಸೆಲ್‌ನಲ್ಲಲ್ಲ. ಅಕ್ಷ ಲಾಗ್ ಆಗಿದ್ದರೂ ಅಷ್ಟೇ. ಗ್ರಾಫ್‌ನ ಹೊರಗೆ ಒತ್ತಿದರೆ ಮಾತ್ರ 'ನನ್' (None, ಅಂದರೆ ಬೆಲೆಯೇ ಇಲ್ಲ) ಬರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಆ ಹರ್ಟ್ಸನ್ನು ಎಫ್‌ಎಫ್‌ಟಿ (ಧ್ವನಿಯನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಗಾತ್ರದಿಂದ ಗುಣಿಸಿ, ಸ್ಯಾಂಪಲ್ ರೇಟ್‌ನಿಂದ ಭಾಗಿಸಿ, ರೌಂಡ್ ಮಾಡಿದರೆ ಬಿನ್ (ಫ್ರೀಕ್ವೆನ್ಸಿಯ ಒಂದು ಪುಟ್ಟ ಖಾನೆ) ಸಂಖ್ಯೆ ಸಿಗುತ್ತದೆ. 44,100ರ ರೇಟ್‌ಗೆ 4,096 ಗಾತ್ರವಿಟ್ಟರೆ ಒಂದು ಬಿನ್ ಸುಮಾರು 10.8 ಹರ್ಟ್ಸ್. ಯಾರ ಕೈಯೂ ಅಷ್ಟು ನಿಖರವಲ್ಲ, ಹಾಗಾಗಿ ಅಕ್ಕಪಕ್ಕದ ಐದಾರು ಬಿನ್‌ಗಳಲ್ಲಿ ಎತ್ತರದ್ದನ್ನೇ ಆರಿಸಿ. ಅಂದಹಾಗೆ, ಝೂಮ್ ಆನ್ ಇದ್ದಾಗಲೂ ಈ ಇವೆಂಟ್ ಬರುತ್ತದೆ. ಟೂಲ್‌ಬಾರ್‌ನ ಮೋಡ್ ಖಾಲಿ ಇದ್ದರಷ್ಟೇ ಮುಂದುವರಿಯಿರಿ.