ಚಾರ್ಜಿಗೆ ಹಾಕಿದ್ದರೂ ಜಿಪಿಎಸ್ ಬ್ಯಾಟರಿ ಇಳಿಯುವುದಕ್ಕೆ

ಹಾಸನದಿಂದ ಮೂಡಿಗೆರೆಗೆ ಹೋಗುವಾಗ ಚಾರ್ಜಿಗೆ ಹಾಕಿದ್ದರೂ ಜಿಪಿಎಸ್ ಬ್ಯಾಟರಿ ಇಳಿಯುತ್ತದೆ ಅಂತ ಕೇಳಿದ್ದೀರಿ ಅಲ್ವಾ ಸಾರ್, ಸುಮ್ನೆ ಹೊಸದು ತಗೋಬೇಡಿ, ಮೊದಲು ಚಾರ್ಜರ್ ನೋಡಿ. ಕಾರಿನ ಸಾಕೆಟ್‌ನಲ್ಲಿ ಬರುವುದು 12 ವೋಲ್ಟ್. ಚಾರ್ಜರ್ ಅದನ್ನು 5 ವೋಲ್ಟ್‌ಗೆ ಇಳಿಸುತ್ತದೆ. ಹಳೇ ಚಾರ್ಜರ್ ಆದರೆ ಅರ್ಧ ಆಂಪಿಯರ್ ಅಷ್ಟೇ ಕೊಡುತ್ತಿರಬಹುದು, ಸ್ಕ್ರೀನ್ ಬೆಳಕು ಪೂರ್ತಿ ಇಟ್ಟರೆ ಅದು ಸಾಲುವುದಿಲ್ಲ. 2 ಆಂಪಿಯರ್ ಅಂತ ಬರೆದಿರುವುದನ್ನು ತಗೊಳ್ಳಿ, ಕೇಬಲ್ ಗಿಡ್ಡ ಇದ್ದು ಸ್ವಲ್ಪ ದಪ್ಪ ಇರಲಿ. ಬೇಲೂರು ದಾಟುವಷ್ಟರಲ್ಲಿ ನನಗೂ ಇದೇ ಕಾಟ ಇತ್ತು, ಕೇಬಲ್ ಬದಲಿಸಿದ ಮೇಲೆ ಸರಿಯಾಯಿತು.

ಚಾರ್ಮಾಡಿ ಘಾಟಿ ಇಳಿಯುವವರಿದ್ದರೆ ಮ್ಯಾಪ್ ಮೊದಲೇ ತುಂಬಿಕೊಳ್ಳಿ. ಮೊಬೈಲ್ ಸಿಗ್ನಲ್ ಹೋದರೂ ಜಿಪಿಎಸ್ ನಡೆಯುತ್ತದೆ, ಅದು ಉಪಗ್ರಹದಿಂದ ನೇರ ಬರುವುದು. ಕಾರು ನಿಲ್ಲಿಸಿದಾಗ ಪ್ಲಗ್ ಕಿತ್ತಿಡಿ, ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಸಾಕೆಟ್‌ನಲ್ಲಿ ಕರೆಂಟ್ ಇರುತ್ತದೆ.